ರೈಲ್ಸ್ ಟ್ಯೂಬಿನ್ಯಾಗ ಪೆಗ್ ಬಿಡುವಾಗ ಶ್ವಾಸಕೋಶಕ್ಕ ಹೋದ್ರ ಮೊದಲು ಏನ್ ಮಾಡಬೇಕು?

ವಾರ್ಡ್ ಸಿಸ್ಟರ್, ಶಹಾಪುರ (ಯಾದಗಿರಿ)

ಕೊಲೊನೊಸ್ಕೋಪಿ (ದೊಡ್ಡ ಕರುಳಿನ್ಯಾಗ ಕ್ಯಾಮೆರಾ ಬಿಟ್ಟು ನೋಡೋದು) ತಯಾರಿಗೆ ಪೆಗ್, ಅಂದ್ರ ಕರುಳು ತೊಳಿಯೋ ಪುಡಿ ನೀರಾಗ ಕಲಿಸಿದ್ದು, ಕೊಡೋದ್ರ ಬಗ್ಗೆ ಕೇಳೋದದ. ಪೇಷಂಟ್ 74 ವಯಸ್ಸಿನವರು, ಹಳೀ ಲಕ್ವಾ, ಶುಗರ್ ಅದ. ಬರೇ ನೀರು ಕುಡದ್ರ ಕೆಮ್ಮು ಹತ್ತತದ, ಗಂಜಿ ಆದ್ರ ಸಸಾರ ಇಳೀತದ. ಮನಿಯವರು "ಪುಡಿ ಗಂಜ್ಯಾಗ ಕಲಿಸಿ ಕೊಡ್ತೀವಿ" ಅಂತಾರ. ಬರದು ಕೊಟ್ಟ ಚೀಟ್ಯಾಗ "ಕುಡಿಲಿಲ್ಲಂದ್ರ ರೈಲ್ಸ್ ಟ್ಯೂಬಿನಿಂದ ಬಿಡ್ರಿ" (ಮೂಗಿನಿಂದ ಹೊಟ್ಟಿಗೆ ಹಾಕೋ ನಳಿಗಿ) ಅಂತ ಅದ, ಎಷ್ಟು ಜೋರು ಬಿಡಬೇಕು ಅಂತ ಇಲ್ಲ.

ಗಂಜ್ಯಾಗ ಕಲಿಸಬಹುದಾ? ಟ್ಯೂಬಿನಿಂದ ನಿಮಿಷಕ್ಕ ಎಷ್ಟು ಎಂಎಲ್? ಅಕಸ್ಮಾತ್ ಶ್ವಾಸಕೋಶಕ್ಕ ಹೋದ್ರ ಮೊದಲ ಹತ್ತು ನಿಮಿಷದಾಗ ಏನ್ ಮಾಡಬೇಕು? ನಮ್ಮಲ್ಲಿ ಸಕ್ಷನ್ ಮಷಿನ್ ಅದ, ಆಕ್ಸಿಜನ್ ಅದ, ವೆಂಟಿಲೇಟರ್ ಇಲ್ಲ.

ಗ್ಯಾಸ್ಟ್ರೋ ಯುನಿಟ್, ಕಲಬುರಗಿ

ಗಂಜ್ಯಾಗ ಬ್ಯಾಡ್ರಿ. ಗಂಜಿ ಹೊಟ್ಟ್ಯಾಗ ಹೋದ್ರ ಕರುಳು ಸ್ವಚ್ಛ ಆಗಂಗಿಲ್ಲ ಅನ್ನೋದು ಸಣ್ಣ ಕಾರಣ. ದೊಡ್ಡ ಕಾರಣ ಬ್ಯಾರೆ ಅದ: ಪೆಗ್ ಸ್ಟಾರ್ಚಿನ ಗಟ್ಟಿತನ ಒಡೀತದ. ನುಂಗಲಿಕ್ಕೆ ಆಗದವರಿಗೆ ಕೊಡೋ ಸ್ಟಾರ್ಚಿನ ಥಿಕನರ್ ಪುಡಿಗೆ ಪೆಗ್ ಕೂಡಿಸಿದ್ರ ಅದು ಮತ್ತ ನೀರಿನಂಗ ಆಗ್ತದ ಅಂತ ಬ್ರಿಟನ್ನಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ದಾಗ ಎಚ್ಚರಿಕೆ ಕೊಟ್ಟಾರ. ಅಕ್ಕಿ ಗಂಜೀನೂ ಸ್ಟಾರ್ಚೇ. ಬಟ್ಟಲದಾಗ ಗಟ್ಟಿ ಕಂಡದ್ದು ಗಂಟಲಿಗೆ ಬರೂದ್ರಾಗ ತೆಳ್ಳಗ ಆಗಿದ್ರ ಸೀದಾ ಶ್ವಾಸನಾಳಕ್ಕ ಇಳೀತದ. "ಗಂಜಿ ಸಸಾರ ಇಳೀತದ" ಅನ್ನೋ ಧೈರ್ಯದ ಮ್ಯಾಲ ಪೆಗ್ ಕೊಡಬ್ಯಾಡ್ರಿ.

ಅದಕ್ಕಿಂತ ಮೊದಲು ಒಂದು ಮಾತು. ನೀರಿಗೇ ಕೆಮ್ಮು ಬರೋರಿಗೆ ಪೂರ್ತಿ ಕೊಲೊನೊಸ್ಕೋಪಿ ಯಾಕ ಬೇಕಾಗ್ಯದ ಅಂತ ಬರದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ಕೇಳ್ರಿ. ತಾಜಾ ಕೆಂಪು ರಕ್ತ ಅಷ್ಟೇ ಬೀಳ್ತಿದ್ರ ಎನಿಮಾ ಕೊಟ್ಟು ಸಿಗ್ಮಾಯ್ಡೊಸ್ಕೋಪಿ (ದೊಡ್ಡ ಕರುಳಿನ ಕೊನೀ ಭಾಗ ಅಷ್ಟೇ ನೋಡೋದು) ಸಾಕಾಗಬಹುದು. ಗಡ್ಡಿ ಅನುಮಾನ ಇದ್ರ ಮೊದಲು ಸಿಟಿ. ಹೊಟ್ಟಿ ಉಬ್ಬಿ, ಗ್ಯಾಸೂ ಹೋಗ್ತಿಲ್ಲಂದ್ರ ಪೆಗ್ ಕೊಡೋದೇ ತಪ್ಪು. ಕೆಳಗ ದಾರಿ ಮುಚ್ಚಿದ್ದು ಮ್ಯಾಲೇ ಬರ್ತದ.

ಬೇಕೇ ಬೇಕು ಅಂತಾದ್ರ ಶಹಾಪುರದಾಗ ಬ್ಯಾಡ, ವೆಂಟಿಲೇಟರ್ ಇರೋ ಕಡೆ ಭರ್ತಿ ಮಾಡಿಸಿ ತಯಾರಿ ಮಾಡಿಸ್ರಿ. ಎರಡು-ಮೂರು ದಿನ ಮೊದಲಿಂದ ಶೇಂಗಾ ಹಿಂಡಿ, ಗುರೆಳ್ಳು, ಎಳ್ಳು ಹಚ್ಚಿದ ರೊಟ್ಟಿ, ಬದನಿಕಾಯಿ, ಪೇರಲ ಎಲ್ಲಾ ಬಂದ್. ಮೆತ್ತಗಿನ ಬಿಳಿ ಅನ್ನ, ಮಜ್ಜಿಗಿ ನಡೀತದ. ಇದು ಸಣ್ಣ ಮಾತು ಅನ್ನಸ್ತದ, ಆದ್ರ ತಯಾರಿ ಕೆಟ್ಟು ಮತ್ತೊಮ್ಮೆ ಎರಡು ಲೀಟರ್ ಕೊಡೋ ಪಾಳಿ ಬಂದ್ರ ಅಪಾಯಾನೂ ಎರಡು ಸರ್ತಿ. ಪೆಗ್ ಒಂದೇ ಸಲಕ್ಕ ಸುರೀಬ್ಯಾಡ್ರಿ, ಅರ್ಧ ಹಿಂದಿನ ಸಂಜಿ, ಅರ್ಧ ಪರೀಕ್ಷೆಗೆ 4–6 ತಾಸು ಮೊದಲು ಶುರು ಮಾಡಿ, ಕನಿಷ್ಠ 2 ತಾಸು ಮೊದಲು ಮುಗೀಬೇಕು.

ಶುಗರ್ ಪೇಷಂಟ್ ಅಂದ್ರಿ. ಹಳೀ ಶುಗರಿನ್ಯಾಗ ಹೊಟ್ಟಿ ನಿಧಾನ ಖಾಲಿ ಆಗ್ತದ, ವಾರಕ್ಕೊಮ್ಮೆ ತಗೊಳ್ಳೋ ಸೆಮಗ್ಲುಟೈಡ್ ಥರದ ಇಂಜೆಕ್ಷನ್ ಇದ್ರ ಇನ್ನಾ ನಿಧಾನ. ಕೇಳಿ ಬರ್ಕೊಳ್ರಿ. ಹೊಟ್ಟಿ ಬೇಗ ಖಾಲಿ ಆಗಲಿಕ್ಕೆ ಮೆಟೊಕ್ಲೊಪ್ರಮೈಡ್ 10 ಎಂಜಿ ಅರ್ಧ ತಾಸು ಮೊದಲು ಕೊಡ್ತಾರ, ಆದ್ರ ಪಾರ್ಕಿನ್ಸನ್ ಇದ್ದವರಿಗೆ ಕೊಡಬಾರದು. ಡಾಪಾಗ್ಲಿಫ್ಲೋಜಿನ್ ಗುಳಿಗಿ ಇದ್ರ ಮೂರು ದಿನ ಮೊದಲು ನಿಲ್ಲಸ್ರಿ. ಉಪವಾಸದಾಗ ಅದರಿಂದ ಕೀಟೋಆಸಿಡೋಸಿಸ್ (ರಕ್ತದಾಗ ಆಮ್ಲ ಏರೋದು) ಆಗಿ ಉಸಿರು ಜೋರಾಗ್ತದ, ಶುಗರ್ ಹೆಚ್ಚೇನೂ ಏರಿರಂಗಿಲ್ಲ, ಸ್ಯಾಚುರೇಶನ್ (ರಕ್ತದಾಗಿನ ಆಕ್ಸಿಜನ್ ಮಟ್ಟ) ಚೊಲೋ ಇರ್ತದ. ಅದನ್ನ ನೋಡಿ "ಪೆಗ್ ಎದಿಗೆ ಹೋಗ್ಯದ" ಅಂತ ತಪ್ಪು ತಿಳಕೊಳ್ಳೋದೂ ಉಂಟು.

ನರ್ಸಿಂಗ್ ಟ್ಯೂಟರ್, ಕಲಬುರಗಿ

ಟ್ಯೂಬಿನ ಭಾಗ ನಾನು ಹೇಳುತ್ತೇನೆ. ಅನಾಹುತದ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ.

ಮೂಗಿನ ತುದಿಯಿಂದ ಕಿವಿ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳತುದಿ: ಅಳೆದು ಗುರುತು ಹಾಕಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಮೂಗಿನ ಹೊಳ್ಳೆ ಹತ್ತಿರ 55–60 ಸೆಂ.ಮೀ. ಬರುತ್ತದೆ. ಹಾಕಿದ ಮೇಲೆ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿ, ಸುರುಳಿ ಸುತ್ತಿಕೊಂಡು ಬಾಯೊಳಗೇ ಕೂತಿರುವುದು ಅಪರೂಪವಲ್ಲ.

ಸಿರಿಂಜಿನಿಂದ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು "ಗುಳ್" ಎಂದರೆ ಸರಿ ಎನ್ನುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಜೀವಂತ ಇದೆ. ಅದನ್ನು ನಂಬಬೇಡಿ. ಟ್ಯೂಬು ಬಲಗಡೆಯ ಕೆಳ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸುತ್ತದೆ. "ಕೆಮ್ಮಲಿಲ್ಲ, ಅದಕ್ಕೇ ಸರಿ ಇದೆ" ಎಂಬುದೂ ಲಕ್ವಾ ಪೇಷಂಟಿಗೆ ನಡೆಯದು. ಕೆಮ್ಮುವ ಪ್ರತಿಕ್ರಿಯೆಯೇ ಅವರಲ್ಲಿ ಮಂಕಾಗಿರುತ್ತದೆ. ಟ್ಯೂಬಿನಿಂದ ಎಳೆದ ದ್ರವದ ಪಿಎಚ್ (ಆಮ್ಲದ ಅಳತೆ) 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊಟ್ಟೆ. ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ತಗೊಳ್ಳುವವರಲ್ಲಿ ಇದು ಮೇಲೇರಿರಬಹುದು. ಪೆಗ್ ಶುರುವಾದ ಮೇಲಂತೂ ಪಿಎಚ್ ಪರೀಕ್ಷೆಗೆ ಅರ್ಥವಿಲ್ಲ, ದ್ರಾವಣದಲ್ಲೇ ಬೈಕಾರ್ಬೊನೇಟ್ ಇದೆ. ಆದ್ದರಿಂದ ಮೊದಲ ಹನಿ ಬಿಡುವ ಮುಂಚೆ ಎಕ್ಸ್‌ರೇ ತೆಗೆಸಿ. ಫಿಲ್ಮಿನಲ್ಲಿ ಟ್ಯೂಬು ನಡುಗೆರೆಯಲ್ಲೇ ಇಳಿದಿರಬೇಕು, ಶ್ವಾಸನಾಳ ಕವಲೊಡೆಯುವ ಜಾಗವನ್ನು ನಡುವೆ ಸೀಳಿಕೊಂಡು ಕೆಳಗೆ ಹೋಗಿರಬೇಕು, ವಪೆಯನ್ನೂ ನಡುವಿನಲ್ಲೇ ದಾಟಿರಬೇಕು, ತುದಿ ಎಡ ವಪೆಯ ಕೆಳಗೆ ಕಾಣಬೇಕು. ಒಂದು ತಪ್ಪಿದರೂ ಬಿಡಬೇಡಿ.

ಲೆಕ್ಕ: 137.15 ಗ್ರಾಂ ಪ್ಯಾಕೆಟ್ಟು ಎರಡು ಲೀಟರ್ ನೀರಿಗೆ, ಅದರಲ್ಲಿ 118 ಗ್ರಾಂ ಪೆಗ್, ಉಳಿದದ್ದು ಲವಣ. ಒಂದು ಲೀಟರಿಗೇ ಕಲಸಿ ಮುಗಿಸುವ ಜಾಣತನ ಬೇಡ. ಟ್ಯೂಬಿನಲ್ಲಿ ದೊಡ್ಡವರಿಗೆ ನಿಮಿಷಕ್ಕೆ 20–30 ಎಂಎಲ್ ಎಂದು ಲೇಬಲ್‌ಗಳಲ್ಲಿ ಇರುತ್ತದೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ನಿಮ್ಮ ಪೇಷಂಟಿನಂಥವರಿಗೆ 5–10ರಿಂದ ಶುರು ಮಾಡಿ ಅರ್ಧ ತಾಸು ನೋಡಿ ಏರಿಸುವುದು ಒಳ್ಳೆಯದು. ಹನಿ ಎಣಿಸಲು ಹೋಗಬೇಡಿ: 20 ಹನಿಗೆ ಒಂದು ಎಂಎಲ್ ಬರುವ ಸೆಟ್ಟಿನಲ್ಲಿ ನಿಮಿಷಕ್ಕೆ 20 ಎಂಎಲ್ ಅಂದರೆ 400 ಹನಿ, ಯಾರ ಕಣ್ಣಿಗೂ ನಿಲುಕದು. ಗುರುತಿರುವ ಫೀಡಿಂಗ್ ಬ್ಯಾಗ್ ತಗೊಂಡು ಹತ್ತು ನಿಮಿಷಕ್ಕೆ ಎಷ್ಟು ಇಳಿಯಿತು ಎಂದು ಗಡಿಯಾರ ನೋಡಿ ಬರೆಯಿರಿ. ಸಲೈನ್ ಸೆಟ್ಟಿಗೆ ಜೋಡಿಸಿ ಸಲೈನ್ ಸ್ಟ್ಯಾಂಡಿಗೇ ನೇತುಹಾಕುವುದು ಬೇಡವೇ ಬೇಡ. ರಾತ್ರಿ ಪಾಳಿಯಲ್ಲಿ ಯಾರಾದರೂ ಅದನ್ನು ರಕ್ತನಾಳಕ್ಕೆ ಜೋಡಿಸಿಬಿಟ್ಟರೆ?

ತಲೆಯ ಕಡೆ 45 ಡಿಗ್ರಿ ಎತ್ತಿರಬೇಕು, ಮುಗಿದ ಮೇಲೂ ಒಂದು ತಾಸು ಹಾಗೇ. ಸಂಡಾಸಕ್ಕೆ ಪ್ಯಾನ್ ಕೊಡುವಾಗ, ಬಟ್ಟೆ ಬದಲಿಸುವಾಗ ಮಂಚ ಅಡ್ಡ ಮಾಡುತ್ತೇವಲ್ಲ, ಆಗ ಮೊದಲು ಕ್ಲ್ಯಾಂಪ್ ಹಾಕಿ. ಹೊಟ್ಟೆ ಉಬ್ಬಿದರೆ, ಓಕರಿಕೆ ಬಂದರೆ ನಿಲ್ಲಿಸಿ. ಟ್ಯೂಬು ಸರಿಯಾಗಿ ಹೊಟ್ಟೆಯಲ್ಲೇ ಇದ್ದರೂ ಅದು ಅನ್ನನಾಳದ ಕೆಳಬಾಗಿಲನ್ನು ಅರೆತೆರೆದು ಹಿಡಿದಿರುತ್ತದೆ ಎಂಬುದು ನೆನಪಿರಲಿ. ಟ್ಯೂಬು ಹಾಕಿದ್ದೇ ರಕ್ಷಣೆ ಅಲ್ಲ.

ಮೆಡಿಕಲ್ ಆಫೀಸರ್, ಸೇಡಂ

ಎದಿಗೆ ಹೋದ್ರ ಲ್ಯಾಸಿಕ್ಸ್ (ಮೂತ್ರ ಹೆಚ್ಚು ಮಾಡೋದು) 40, ಹೈಡ್ರೊಕಾರ್ಟಿಸೋನ್ (ಸ್ಟೀರಾಯ್ಡ್) 200, ಸೆಫ್ಟ್ರಿಯಾಕ್ಸೋನ್ (ಆ್ಯಂಟಿಬಯೋಟಿಕ್) 1 ಗ್ರಾಂ ಕೊಟ್ಟು 108ಕ್ಕ ಹಾಕಿ ಕಳಸ್ರಿ. ಎಕ್ಸ್‌ರೇದಾಗ ಎರಡೂ ಕಡೆ ಬಿಳಿ ಕಾಣ್ತದ, ನೀರು ತುಂಬಿರ್ತದ.

ಐಸಿಯು, ಬೀದರ್

ಸೇಡಂ ಡಾಕ್ಟರೇ, ನೀರು ತುಂಬಿರುತ್ತದೆ ಎಂಬುದು ನಿಜ. ಆದರೆ ಅದು ಹೃದಯ ಸೋತು ತುಂಬಿದ ನೀರಲ್ಲ, ಆದ್ದರಿಂದ ಆ ಮೂರೂ ಇಂಜೆಕ್ಷನ್ ಮೊದಲ ಹತ್ತು ನಿಮಿಷದ ಕೆಲಸವಲ್ಲ.

ಹೊಟ್ಟೆಯ ಆಮ್ಲ ಶ್ವಾಸಕೋಶಕ್ಕೆ ಹೋದರೆ ಸುಡುತ್ತದೆ. 1946ರಲ್ಲಿ ಮೆಂಡೆಲ್ಸನ್ ಹೆರಿಗೆಯ ಅರಿವಳಿಕೆಯಲ್ಲಿ ವಿವರಿಸಿದ್ದು ಅದು. ಪೆಗ್ ಆಮ್ಲವಲ್ಲ. ಅದರ ಅಣುತೂಕ 3350 ಅಥವಾ 4000, ಕರುಳಿನಿಂದ ಹೀರಿಕೆಯಾಗದಿರಲೆಂದೇ ಆರಿಸಿದ ದೊಡ್ಡ ಅಣು. ಗಾಳಿಗೂಡಿಗೆ ಹೋದರೂ ಅದೇ ಗುಣ. ಜೊತೆಗಿನ ಲವಣ, ನೀರು ಹೀರಿಕೆಯಾದರೂ ಪೆಗ್ ಅಲ್ಲೇ ಕೂತು ರಕ್ತನಾಳದಿಂದ ನೀರನ್ನು ಎಳೆಯುತ್ತಲೇ ಇರುತ್ತದೆ. ಗಾಳಿಗೂಡು ಮುಚ್ಚದಂತೆ ಹಿಡಿದಿಡುವ ಸರ್ಫ್ಯಾಕ್ಟಂಟ್ ಪದರವೂ ಕೊಚ್ಚಿಹೋಗುತ್ತದೆ. ಅದಕ್ಕೇ ಸಕ್ಷನ್ನಿನಲ್ಲಿ ಕೀವಿನ ಕಫ ಬರುವುದಿಲ್ಲ, ತೆಳ್ಳಗಿನ ನೊರೆನೊರೆ ದ್ರವ ಬರುತ್ತದೆ. ಒಳಗೆ ಹೋದದ್ದನ್ನು ಹೊರಗೆ ತೆಗೆಯುವುದೇ ಮೊದಲ ಚಿಕಿತ್ಸೆ, ಔಷಧ ಆಮೇಲೆ.

ಮೊದಲ ಹತ್ತು ನಿಮಿಷ ಹೀಗೆ. ಪೆಗ್ ಕ್ಲ್ಯಾಂಪ್. ಗಾಬರಿಯಲ್ಲಿ ಟ್ಯೂಬು ಕಿತ್ತು ಎಸೆಯಬೇಡಿ: 50 ಎಂಎಲ್ ಸಿರಿಂಜಿನಿಂದ ಬಂದಷ್ಟನ್ನು ಎಳೆಯಿರಿ. ಟ್ಯೂಬು ಶ್ವಾಸನಾಳದಲ್ಲಿದ್ದರೆ ಎಳೆದ ನಂತರ ಮಡಚಿ ಹಿಡಿದು ತೆಗೆಯಿರಿ, ಇಲ್ಲದಿದ್ದರೆ ಒಳಗಿರುವ ದ್ರಾವಣ ತೆಗೆಯುವಾಗ ಗಂಟಲಲ್ಲಿ ಸುರಿಯುತ್ತದೆ. ಹೊಟ್ಟೆಯಲ್ಲಿದ್ದರೆ ಖಾಲಿ ಮಾಡಿ ಬ್ಯಾಗಿಗೆ ತೆರೆದಿಡಿ. ವಾಂತಿ ನಡೆದಿದ್ದರೆ ಎಡಮಗ್ಗುಲು, ತಲೆ ತಗ್ಗು, ಬಾಯಿ-ಗಂಟಲಿನ ಸಕ್ಷನ್. ನಿಂತ ಮೇಲೆ ತಲೆ ಎತ್ತಿ ಕೂರಿಸಿ. ರಿಸರ್ವಾಯರ್ ಮಾಸ್ಕಿನಲ್ಲಿ 15 ಲೀಟರ್ ಆಕ್ಸಿಜನ್, ಸ್ಯಾಚುರೇಶನ್ 92–96ಕ್ಕೆ ಬಂದ ಮೇಲೆ ಇಳಿಸಿ. ಹಳೆಯ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದರೆ 88–92 ಸಾಕು. ಉಬ್ಬಸದ ಸದ್ದು ಇದ್ದರೆ ಸಾಲ್ಬುಟಮಾಲ್ ನೆಬುಲೈಜೇಶನ್. ಇಲ್ಲಿ ಒಂದನ್ನು ಮರೆಯಬೇಡಿ: ಪೆಗ್‌ಗೇ ಅಲರ್ಜಿ ಆಗಬಹುದು. ಮೈಮೇಲೆ ದದ್ದು, ತುಟಿ ಬಾವು, ಬಿಪಿ ಕುಸಿತ ಜೊತೆಗಿದ್ದರೆ ಅದು ಆಸ್ಪಿರೇಶನ್ (ಶ್ವಾಸಕೋಶಕ್ಕೆ ಹೋದದ್ದು) ಅಲ್ಲ, ಅಡ್ರೆನಲಿನ್ 0.5 ಎಂಜಿ ತೊಡೆಯ ಸ್ನಾಯುವಿಗೆ. ಜೋರು ವಾಂತಿಯ ಬೆನ್ನಿಗೇ ಎದೆನೋವು, ಕತ್ತಿನ ಚರ್ಮ ಒತ್ತಿದರೆ ಚರಚರ ಎಂದರೆ ಅನ್ನನಾಳ ಹರಿದಿದೆ ಎಂದು ತಿಳಿದು ಸರ್ಜನ್ ಕರೆಯಿರಿ.

ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಮಾಸ್ಕ್ ಕಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ಮಂಪರಿನಲ್ಲಿರುವವರಿಗೆ, ಹೊಟ್ಟೆಯಲ್ಲಿ ಇನ್ನೂ ಒಂದು ಲೀಟರ್ ಇರುವವರಿಗೆ ಅದು ಎರಡನೇ ಆಸ್ಪಿರೇಶನ್ನಿಗೆ ಆಹ್ವಾನ. ಎಚ್ಚರವಿದ್ದು ಹೊಟ್ಟೆ ಖಾಲಿಯಾಗಿದ್ದರೆ ಹೈಫ್ಲೋ (ಮೂಗಿನಿಂದ ಜೋರು ಹರಿವಿನ ಆಕ್ಸಿಜನ್) ನೋಡಬಹುದು, ಅದು ಸಾಕಾಗುತ್ತಿದೆಯೇ ಎಂದು ತಿಳಿಸುವ ರಾಕ್ಸ್ ಸೂಚ್ಯಂಕ ಲೆಕ್ಕ ಹಾಕುತ್ತಾ. ಉದಾಹರಣೆಗೆ ಸ್ಯಾಚುರೇಶನ್ 92, ಎಫ್‌ಐಒ2 (ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು) 0.6, ನಿಮಿಷಕ್ಕೆ ಉಸಿರು 34: 92ನ್ನು 0.6ರಿಂದ ಭಾಗಿಸಿ, ಬಂದದ್ದನ್ನು 34ರಿಂದ ಭಾಗಿಸಿದರೆ 4.5. ಸುರಕ್ಷಿತ ಅನ್ನಲು 4.88 ಅಥವಾ ಮೇಲೆ ಬೇಕು. ಕೆಳಗಿದ್ದು ಇನ್ನೂ ಇಳಿಯುತ್ತಿದ್ದರೆ ಕಾಯಬೇಡಿ, ಶ್ವಾಸನಾಳಕ್ಕೆ ಟ್ಯೂಬ್ ಹಾಕಿ.

ವೆಂಟಿಲೇಟರಿಗೆ ಹೋದ ಮೇಲೆ ಎಆರ್‌ಡಿಎಸ್‌ನ (ಎರಡೂ ಶ್ವಾಸಕೋಶ ನೀರು ತುಂಬಿ ಸೋಲುವುದು) ಮಾಮೂಲಿ ನಿಯಮ. ಎತ್ತರ ಅಳೆದು ಲೆಕ್ಕದ ತೂಕ ತೆಗೆಯಿರಿ, ಮಂಚದ ಮೇಲಿನ ತೂಕ ಅಲ್ಲ. 165 ಸೆಂ.ಮೀ. ಗಂಡಸಿಗೆ 61.5 ಕೆಜಿ, ಕೆಜಿಗೆ 6 ಎಂಎಲ್‌ನಂತೆ ಒಂದು ಉಸಿರಿಗೆ 370 ಎಂಎಲ್. 150 ಸೆಂ.ಮೀ. ಹೆಂಗಸಿಗೆ 43 ಕೆಜಿ, 260 ಎಂಎಲ್. ಗಿಡ್ಡ ಅಜ್ಜಿಯರಿಗೆ 450 ಇಟ್ಟುಬಿಡುವುದು ಎಷ್ಟು ಸಾಮಾನ್ಯ ಎಂದರೆ ಮಷಿನ್ ಮೇಲೆ ಎತ್ತರ ಬರೆದ ಚೀಟಿ ಅಂಟಿಸುವುದೇ ವಾಸಿ. ಪ್ಲಾಟೋ ಒತ್ತಡ (ಉಸಿರು ತುಂಬಿ ನಿಂತಾಗ ಶ್ವಾಸಕೋಶದೊಳಗಿನ ಒತ್ತಡ) 30 ದಾಟಬಾರದು. ಪಿ/ಎಫ್ ಅನುಪಾತ (ರಕ್ತದ ಆಕ್ಸಿಜನ್ ಒತ್ತಡವನ್ನು ಎಫ್‌ಐಒ2ಯಿಂದ ಭಾಗಿಸಿದ್ದು) 150ಕ್ಕಿಂತ ಕೆಳಗಿದ್ದರೆ ದಿನಕ್ಕೆ 16 ತಾಸು ಬೋರಲು ಮಲಗಿಸುವುದು. 2013ರ ಪ್ರೊಸೇವಾ ಅಧ್ಯಯನದಿಂದ ಇದಕ್ಕೆ ಗಟ್ಟಿ ಆಧಾರ ಇದೆ.

ಇನ್ನು ಆ ಮೂರು ಇಂಜೆಕ್ಷನ್. ಲ್ಯಾಸಿಕ್ಸ್: ಈ ಪೇಷಂಟ್ ರಾತ್ರಿಯೆಲ್ಲಾ ಭೇದಿ ಮಾಡಿ ಒಣಗಿರುತ್ತಾರೆ, ಬೇಸಿಗೆಯ ಕಲಬುರಗಿಯಾದರೆ ಕೇಳುವುದೇ ಬೇಡ. ಬಿಪಿ ನೆಲಕಚ್ಚುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ, ಗಾಳಿಗೂಡಿನ ಪೆಗ್ ಅಲ್ಲೇ ಇರುತ್ತದೆ. ಬಿಪಿ ನಿಂತ ಮೇಲೆ, ಎರಡನೇ ದಿನ, ದ್ರವ ಬಿಗಿಹಿಡಿಯುವ ಭಾಗವಾಗಿ ಬಂದರೆ ಸರಿ. ಆ್ಯಂಟಿಬಯೋಟಿಕ್: ಇದು ಸೋಂಕಲ್ಲ. ಕಫ ಕಳಿಸಿ, 48 ತಾಸು ಕಾದು, ಜ್ವರ-ಕೀವು-ಹೊಸ ನೆರಳು ಬಂದರೆ ಶುರು. ಪೇಷಂಟ್ ತೀರಾ ಕುಸಿದಿದ್ದರೆ, ಕರುಳು ಕಟ್ಟಿದವರ ವಾಂತಿ ಒಳಗೆ ಹೋಗಿದ್ದರೆ ಮೊದಲೇ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಮೂರನೇ ದಿನ ನಿಲ್ಲಿಸುವ ಧೈರ್ಯವೂ ಇರಲಿ. ಸ್ಟೀರಾಯ್ಡ್: ಎಆರ್‌ಡಿಎಸ್ ಖಚಿತವಾದ ಮೇಲೆ ಐಸಿಯುನಲ್ಲಿ ಯೋಚಿಸುವ ವಿಷಯ, ಆಂಬುಲೆನ್ಸ್ ಹತ್ತಿಸುವಾಗಿನದಲ್ಲ.

ಎದೆರೋಗ ವಿಭಾಗ, ಕಲಬುರಗಿ

ಬೀದರಿನವರು ಬ್ರಾಂಕೊಸ್ಕೋಪಿ (ಶ್ವಾಸನಾಳಕ್ಕೆ ಸ್ಕೋಪ್ ಇಳಿಸಿ ನೋಡುವುದು) ಬಿಟ್ಟರಲ್ಲ. ಪೆಗ್ ತಾನಾಗಿ ಹೋಗುವುದಿಲ್ಲ ಎಂದ ಮೇಲೆ ಅದೇ ಮುಖ್ಯ. ಬೇಗ ಸ್ಕೋಪ್ ಹಾಕಿ ಎಳೆದು, ತೊಳೆದ ಮೇಲೆ ಆಕ್ಸಿಜನ್ ಬೇಗ ಸುಧಾರಿಸಿದ ಕೇಸ್ ರಿಪೋರ್ಟ್‌ಗಳು ಇವೆ. ಶ್ವಾಸನಾಳಕ್ಕೆ ಟ್ಯೂಬ್ ಹಾಕುವಾಗಲೇ 8 ಅಥವಾ 8.5 ಸೈಜು ಹಾಕಿ. 7 ಹಾಕಿಬಿಟ್ಟರೆ ಸ್ಕೋಪ್ ಒಳಗೆ ಹೋದಾಗ ಗಾಳಿಗೆ ಜಾಗವೇ ಉಳಿಯುವುದಿಲ್ಲ.

ಐಸಿಯು, ಬೀದರ್

ಬಿಟ್ಟದ್ದು ಬೇಕೆಂದೇ. ಇರುವುದು ಕೇಸ್ ರಿಪೋರ್ಟ್ ಮಾತ್ರ, ಸತ್ತವರ ಬಗ್ಗೆ ಅಷ್ಟು ಉತ್ಸಾಹದಿಂದ ಯಾರೂ ಬರೆಯುವುದಿಲ್ಲ. ಮೊದಲ ಕೆಲವು ತಾಸಿನಲ್ಲಿ, ವೆಂಟಿಲೇಟರಿನ ಮೇಲೆ, 100% ಆಕ್ಸಿಜನ್ನಿನಲ್ಲಿ ಸ್ಯಾಚುರೇಶನ್ 90 ನಿಲ್ಲುತ್ತಿದ್ದರೆ ಮಾಡಿ, ನನ್ನ ತಕರಾರಿಲ್ಲ. 80ರಲ್ಲಿ ತೂಗಾಡುವವರಿಗೆ ತೊಳೆಯಲು ಸಲೈನ್ ಬಿಟ್ಟರೆ ಮುಳುಗಿದವರ ಮೇಲೆ ಕೊಡ ಸುರಿದಂತೆ.

ಎದೆರೋಗ ವಿಭಾಗ, ಕಲಬುರಗಿ

ಒಪ್ಪಿದೆ, ಅದಕ್ಕೇ ಮೊದಲು ಬರೀ ಎಳೆಯುವುದು. ಹಿಂಭಾಗದ ಕವಲುಗಳಿಂದ ಶುರು ಮಾಡಿ: ಮಲಗಿದವರಲ್ಲಿ ಮೇಲಿನ ಹಾಲೆಯ ಹಿಂಭಾಗ, ಕೆಳಹಾಲೆಯ ಮೇಲ್ಭಾಗ, ಬಲಗಡೆ ಹೆಚ್ಚು. ತೊಳೆಯಲೇಬೇಕಾದರೆ ಒಮ್ಮೆಗೆ 20 ಎಂಎಲ್, ಬಿಟ್ಟಷ್ಟು ವಾಪಸ್ ಬಂದ ಮೇಲೆಯೇ ಮುಂದಿನದು. ಬರದಿದ್ದರೆ ನಿಲ್ಲಿಸಿ. ಎರಡು ದಿನ ಕಳೆದ ಮೇಲೆ "ಪೆಗ್ ತೆಗೆಯುತ್ತೇವೆ" ಎಂದು ಸ್ಕೋಪ್ ಹಾಕುವುದರಲ್ಲಿ ನನಗೂ ನಂಬಿಕೆ ಇಲ್ಲ.

ವಾರ್ಡ್ ಸಿಸ್ಟರ್, ಶಹಾಪುರ

ಭಾಳ ಉಪಕಾರ ಆಯ್ತ್ರಿ. ತಯಾರಿ ಕಲಬುರಗ್ಯಾಗೇ ಮಾಡಸ್ರಿ ಅಂತ ಹೇಳ್ತೀವಿ. ಇನ್ನೆರಡು ಮಾತು: ಮನ್ಯಾಗ ಕುಡಿಯುವಾಗ ಕೆಮ್ಮಿ, ಆಮ್ಯಾಲ ಆರಾಮ ಅಂತ ಬಂದವರನ್ನ ಎಷ್ಟೊತ್ತು ಇಟ್ಕೋಬೇಕು? ಕಳಸೋದಾದ್ರ ಆಕ್ಸಿಜನ್ ಲೆಕ್ಕ ಹ್ಯಾಂಗ? ಎಬಿಜಿ (ರಕ್ತದಾಗಿನ ಆಕ್ಸಿಜನ್ ಅಳಿಯೋ ಪರೀಕ್ಷೆ) ನಮ್ಮಲ್ಲಿ ಆಗಂಗಿಲ್ಲ.

ಐಸಿಯು, ಬೀದರ್

ಕನಿಷ್ಠ ಒಂದು ರಾತ್ರಿ. ಮೊದಲ ಎಕ್ಸ್‌ರೇ ಸ್ವಚ್ಛ ಇದ್ದರೂ ಮನೆಗೆ ಕಳಿಸಬೇಡಿ, ನೆರಳು ಕೆಲವು ತಾಸು ತಡವಾಗಿ ಬೀಳುತ್ತದೆ. ಅದಕ್ಕಿಂತ ಮೊದಲು ಉಸಿರಿನ ಎಣಿಕೆ ಏರುತ್ತದೆ: ಅರ್ಧ ತಾಸಿಗೊಮ್ಮೆ ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ. 24 ದಾಟಿದರೆ, ಹೊರಗಿನ ಗಾಳಿಯಲ್ಲಿ ಸ್ಯಾಚುರೇಶನ್ 94ಕ್ಕಿಂತ ಇಳಿದರೆ ಕಳಿಸುವ ತಯಾರಿ ಮಾಡಿ. ಉಳಿದ ಪೆಗ್ ಕುಡಿಸುವುದು, ಮರುದಿನದ ಕೊಲೊನೊಸ್ಕೋಪಿ ಎರಡೂ ರದ್ದು.

ಎಬಿಜಿ ಇಲ್ಲದಿದ್ದರೆ ಸ್ಯಾಚುರೇಶನ್ನನ್ನು ಎಫ್‌ಐಒ2ಯಿಂದ ಭಾಗಿಸಿ. 315 ಅಥವಾ ಕೆಳಗೆ ಬಂದರೆ ಎಆರ್‌ಡಿಎಸ್ ಮಟ್ಟದ ಆಕ್ಸಿಜನ್ ಕೊರತೆ ಎಂದು ಹೊಸ ಜಾಗತಿಕ ವ್ಯಾಖ್ಯೆ ಒಪ್ಪುತ್ತದೆ, ಸ್ಯಾಚುರೇಶನ್ 97 ಅಥವಾ ಕಡಿಮೆ ಇರುವಾಗ ಮಾತ್ರ ಈ ಲೆಕ್ಕ. 0.5ರಲ್ಲಿ 90 ಅಂದರೆ 180.

ಸಿಲಿಂಡರ್: 1500 ಲೀಟರಿನ ಬಿ-ಟೈಪ್ ತುಂಬಿದ್ದರೆ ನಿಮಿಷಕ್ಕೆ 15ರಂತೆ 100 ನಿಮಿಷ. ಅರ್ಧ ಮುಳ್ಳಿದ್ದರೆ 50. ದಾರಿಯ ಹೊತ್ತಿಗೆ ಇನ್ನರ್ಧ ಸೇರಿಸಿ ಲೆಕ್ಕ ಹಾಕಿ, ರೈಲ್ವೆ ಗೇಟು, ಕಬ್ಬಿನ ಗಾಡಿ ಯಾರ ಕೈಯಲ್ಲೂ ಇಲ್ಲ. ಹೈಫ್ಲೋ 60 ಲೀಟರ್ ಅದೇ ಸಿಲಿಂಡರನ್ನು 25 ನಿಮಿಷದಲ್ಲಿ ಮುಗಿಸುತ್ತದೆ, ಆಂಬುಲೆನ್ಸಿಗೆ ಅದು ಆಗದ ಮಾತು. ಕೈಯಲ್ಲಿ ಹಿಡಿಯುವ ಸಕ್ಷನ್ ಪಂಪ್ ಜೊತೆಗಿರಲಿ, ಹತ್ತಿಸುವ ಮುಂಚೆ ಹೊಟ್ಟೆಯನ್ನು ಮತ್ತೊಮ್ಮೆ ಖಾಲಿ ಮಾಡಿ.

ರೆಫರಲ್ ಚೀಟಿಯಲ್ಲಿ "ಆಸ್ಪಿರೇಶನ್ ನ್ಯುಮೋನಿಯಾ" ಎಂದು ಬರೆಯಬೇಡಿ, ನೋಡಿದವರು ಆ್ಯಂಟಿಬಯೋಟಿಕ್ ಹಾಕಿ ವಾರ್ಡಿಗೆ ಕಳಿಸುತ್ತಾರೆ. "ಪೆಗ್ ದ್ರಾವಣ ಶ್ವಾಸಕೋಶಕ್ಕೆ ಹೋಗಿದೆ" ಎಂದೇ ಬರೆಯಿರಿ. ಎಷ್ಟು ಗಂಟೆಗೆ, ಅಷ್ಟೊತ್ತಿಗೆ ಎಷ್ಟು ಎಂಎಲ್ ಇಳಿದಿತ್ತು, ಸಿರಿಂಜಿನಲ್ಲಿ ಎಷ್ಟು ವಾಪಸ್ ಬಂತು, ಟ್ಯೂಬು ಎಷ್ಟು ಸೆಂ.ಮೀ.ನಲ್ಲಿತ್ತು, ಹೊರಡುವಾಗ ಎಷ್ಟು ಲೀಟರಿನಲ್ಲಿ ಎಷ್ಟು ಸ್ಯಾಚುರೇಶನ್. ಹೊರಡುವ ಮುಂಚೆ ಇದನ್ನೇ ಫೋನಿನಲ್ಲೂ ಹೇಳಿ, ಬ್ರಾಂಕೊಸ್ಕೋಪ್ ಮಾಡುವವರು ಇದ್ದಾರಾ ಎಂದು ಕೇಳಿ.